ಮರಕ್ಕೆ ಜಾಮೀನು

ಜನವರಿ ೬, ಹಳೇ ಪಂಚಾಂಗದ ನಮ್ಮ ಕ್ರಿಸ್ಮಸ್‌ನ ಮುನ್ನಾದಿನ

ಗಂಟಲು ಕಟ್ಟಿದೆ. ಬಾಯಿ ತೆಗೆದರೆ ಹಳೇ ಬಾಗಿಲು ಕಿರುಗುಟ್ಟಿದಂತೆ ಸದ್ದು ಬರುತ್ತದೆ, ಅಷ್ಟೇ. ಆಡಬೇಕಾದ ಮಾತೆಲ್ಲ ಒಳಗೇ ಉಳಿದು ಹೊಟ್ಟೆ ಉಬ್ಬರಿಸಿಕೊಂಡಿದೆ. ಅದಕ್ಕೇ ಬರೆದು ಖಾಲಿ ಮಾಡುತ್ತಿದ್ದೇನೆ. ಐವತ್ತು ದಾಟಿದ ಹೆಂಗಸು ದಿನಚರಿ ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಇವತ್ತು ಬೆಳಿಗ್ಗೆ ಮರ ಬೆದರಿಸುವ ಶಾಸ್ತ್ರವಿತ್ತು. ಕಾಯಿ ಬಿಡದ ಮರದ ಮುಂದೆ ಒಬ್ಬರು ಕೊಡಲಿ ಎತ್ತಿ, "ಬಿಡ್ತೀಯೋ, ಕಡೀಲೋ?" ಎಂದು ಮೂರು ಸಲ ಕೇಳಬೇಕು. ಇನ್ನೊಬ್ಬರು ಮರದ ಪರವಾಗಿ, "ಕಡೀಬೇಡಿ, ಬಿಡುತ್ತೆ" ಎನ್ನಬೇಕು. ನನ್ನ ಗಂಡ ರಾದೊಯೆ ಇದ್ದಾಗ ಕೊಡಲಿ ಅವನದು, ಮಾತು ನನ್ನದು. ಅವನು ತೀರಿಕೊಂಡ ಮೇಲೆ ಕೊಡಲಿ ಅತ್ತೆಯ ಕೈಗೆ ಬಂತು. ಪೆರ್ಸಿದ ಅತ್ತೆಗೆ ಎಂಬತ್ತು ದಾಟಿದೆ. ಕೊಡಲಿ ಎತ್ತಿದಾಗ ಮಾತ್ರ ನಲವತ್ತು.

ಈ ಸಲ ಅವರು ಮನೆ ಹತ್ತಿರದ ಮರಗಳನ್ನೆಲ್ಲ ಬಿಟ್ಟು, ಮೊಣಕಾಲು ಮಟ್ಟದ ಹಿಮ ತುಳಿದುಕೊಂಡು ಸೀದಾ ಬೇಲಿ ಪಕ್ಕದ ಮುದಿ ಪ್ಲಮ್ ಮರಕ್ಕೇ ಹೋದರು. ಅಷ್ಟು ದೂರ ಯಾಕೆ ಅಂತ ಕೇಳೋಣವೆಂದರೆ ಗಂಟಲಿಲ್ಲ. ಮೊದಲನೇ ಸಲ ಕೇಳಿದರು, ನಾನು ಕಿರುಗುಟ್ಟಿದೆ. ಎರಡನೇ ಸಲ ಕೇಳಿದರು, ಇನ್ನೂ ಜೋರಾಗಿ ಕಿರುಗುಟ್ಟಿದೆ. ಅತ್ತೆಗೆ ಕಿವಿಯೂ ಮಂದ. ಮೂರನೇ ಸಲಕ್ಕೆ ಉತ್ತರ ಬರಲಿಲ್ಲವೆಂದು ಕೊಡಲಿ ನಿಜವಾಗಿಯೂ ಇಳಿಯತೊಡಗಿತು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಗಂಡುದನಿ:

"ಕಡೀಬೇಡಿ! ಕಡೀಬೇಡಿ ಪೆರ್ಸಿದಜ್ಜಿ, ಬಿಡುತ್ತೆ!"

ಪಕ್ಕದ ಮನೆಯ ವೆಲಿಮಿರ್. ಪೀಪಾಯಿ ಮಾಡುವವನು. ಒಂಟಿ ಮನುಷ್ಯ, ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹಬ್ಬದ ರಾತ್ರಿ ಒಲೆಗೆ ಹಾಕುವ ಓಕ್ ಕೊಂಬೆ ಕಡಿಯಲು ಹೊರಟಿದ್ದನಂತೆ.

ಅತ್ತೆ ಕೊಡಲಿ ಕೆಳಗಿಳಿಸಿದರು. "ಯಾರಪ್ಪಾ ಅದು ಮಾತು ಕೊಟ್ಟಿದ್ದು?"

"ನಾನೇ ಅಜ್ಜಿ, ವೆಲಿಮಿರ್. ಸುಮ್ನೆ ಬಾಯಿಗೆ ಬಂತು."

"ನಿನ್ನ ಬಾಯಿಗೆ ಬಂದಿದ್ದು ಮರದ ಕಿವಿಗೆ ಬಿತ್ತು. ಮರದ ಪರ ಮಾತಾಡಿದೋನೇ ಮರಕ್ಕೆ ಜಾಮೀನು. ನಮ್ಮೂರ ಪದ್ಧತಿ ನಿನಗೆ ನಾನು ಹೇಳ್ಕೊಡಬೇಕಾ?"

"ಗೊತ್ತಜ್ಜಿ."

"ಹಣ್ಣಿನ ಕಾಲಕ್ಕೆ ಈ ಮರ ಒಂದೇ ಒಂದು ಪೀಪಾಯಿ ತುಂಬಿಸ್ಬೇಕು. ಪೀಪಾಯೀನೂ ನೀನೇ ಮಾಡ್ಕೊಂಡು ಬಾ."

ಆಮೇಲೆ ನನ್ನ ಕಡೆ ತಿರುಗಿದರು. "ಕೇಳೇ ಸ್ತಾಮೆನ್ಕಾ. ಹುಳಕ್ಕೆ ವಿಷ ಹೊಡೆಯಲ್ಲ ಅಂದೆ ನೀನು, ಮೂರು ವರ್ಷ ಸುಮ್ನೆ ನೋಡಿದೆ. ತೋಟದಲ್ಲಿ ಎಲೆ ಬಿಟ್ರೆ ಏನೂ ಇಲ್ಲ. ಈ ಸಲ ಪೀಪಾಯಿ ತುಂಬಿದ್ರೆ ತೋಟ ನಿಂದು, ಹೇಗಾದ್ರೂ ಆಡ್ಕೋ. ತುಂಬದಿದ್ರೆ ತಿಹೊಮಿರ್‌ನ ಕರೆಸ್ತೀನಿ. ಮರ ಎಲ್ಲ ಕಿತ್ತು ರಾಸ್ಪ್‌ಬೆರಿ ಹಾಕ್ತಾನೆ."

ತಿಹೊಮಿರ್ ಅತ್ತೆಯ ತಮ್ಮನ ಮಗ. ಅವನ ಹತ್ತಿರ ಕೋಣೆಯಷ್ಟು ದೊಡ್ಡ ಔಷಧಿ ಹೊಡೆಯುವ ಯಂತ್ರವಿದೆ. ಅವನಿಗೆ ಹೇಳಬೇಕಾದ್ದು, ಅತ್ತೆಗೆ ಹೇಳಬೇಕಾದ್ದು, ಬೇಲಿಯಾಚೆಯ ಆ ಅಧಿಕಪ್ರಸಂಗಿಗೆ ಹೇಳಬೇಕಾದ್ದು ಎಲ್ಲ ಸೇರಿ ಒಂದೇ ಸಲ ಗಂಟಲಿಗೆ ಬಂದವು. ಹೊರಗೆ ಬಂದದ್ದು ಒಂದು ಕಿರುಗುಟ್ಟುವಿಕೆ.

ಜನವರಿ ೧೦

ಆ ಪೀಪಾಯಿಯವನು ನಿಜವಾಗಿಯೂ ಬಂದ! ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹೆಣ್ಣು ನೋಡಲು ಬಂದವನಂತೆ ಮರದ ಸುತ್ತ ಸುತ್ತಿದ. ತೊಗಟೆ ಕೆರೆದ, ಹಿಮ ಸರಿಸಿ ಮಣ್ಣು ಮೂಸಿದ. ಬಹಳ ಹೊತ್ತಾದ ಮೇಲೆ ಬಾಯಿ ಬಿಟ್ಟ.

"ವಿಷ ಹೊಡೆಯೋದು ಬಿಟ್ರಿ, ಸರಿ. ಅದರ ಜಾಗದಲ್ಲಿ ಯಾರನ್ನ ಇಟ್ರಿ?"

"ಯಾರನ್ನ ಇಡೋದು?" ನನ್ನ ಗಂಟಲು ಅಷ್ಟರಲ್ಲಿ ಬಿಟ್ಟಿತ್ತು. ದೇವರು ದೊಡ್ಡವನು.

"ಹುಳ ತಿನ್ನೋರನ್ನ. ಹೂ ಮುಟ್ಟೋರನ್ನ. ನೆಲ ಕೆದಕೋರನ್ನ. ಕಾವಲುಗಾರನ್ನ ಕೆಲಸದಿಂದ ಬಿಡಿಸಿ, ಬಾಗಿಲು ಹಾರು ಹೊಡೆದು ಮಲಗಿದ್ದೀರಿ ನೀವು."

ಮೈಯೆಲ್ಲ ಉರಿಯಿತು. ಮೂರು ವರ್ಷದ ಹಿಂದೆ ಔಷಧಿ ಹೊಡೆದ ಮಾರನೇ ದಿನ ಅದೇ ಮರದ ಕೆಳಗೆ ಸತ್ತು ಬಿದ್ದಿದ್ದ ಪುಟ್ಟ ಹಕ್ಕಿಗಳನ್ನು ತಲೆವಸ್ತ್ರದಲ್ಲಿ ಕಟ್ಟಿ ಹೂತವಳು ನಾನು. ಅವತ್ತೇ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಇವನು ಬಂದು ನನಗೆ ಬುದ್ಧಿ ಹೇಳುತ್ತಾನೆ! ಇವನ ಹಿತ್ತಲು ನೋಡಬೇಕು, ಸೊಂಟದ ಮಟ್ಟ ಕಳೆ, ದೇವರೇ ಮರೆತುಬಿಟ್ಟ ಜಾಗ. ಅಲ್ಲಿನ ಮರಗಳು ವರ್ಷವರ್ಷವೂ ಕಾಯಿ ಬಿಡುತ್ತವೆ ಎನ್ನುವುದು ಬೇರೆ ಮಾತು.

ಫೆಬ್ರುವರಿ ೨೧

ಹಳೆಯ ಪೀಪಾಯಿಗಳ ಹಲಗೆಯಿಂದ ಹಕ್ಕಿಗೂಡು ಮಾಡಿಕೊಂಡು ಬಂದಿದ್ದ. ಒಂದೊಂದೂ ಸುತ್ತಿಗೆಯ ಸದ್ದಿಲ್ಲದೆ ಕೂಡಿಸಿದಷ್ಟು ನಾಜೂಕು. ಏಣಿ ನಾನು ಹಿಡಿದುಕೊಂಡೆ. ಮೇಲೆ ನಿಂತು ಗೂಡು ಕಟ್ಟುತ್ತ, ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು ಬರುತ್ತವೆ, ಮರಿಗಳಿಗೆ ದಿನವಿಡೀ ಹುಳ ಹೊತ್ತು ತರುತ್ತವೆ ಎಂದ.

"ಗೂಡಿನಲ್ಲಿ ರಾಕಿಯಾ ವಾಸನೆ ಇದೆಯಲ್ಲ," ಅಂದೆ. "ಹಕ್ಕಿಗಳು ಕುಡಿದು ತೂರಾಡಿದ್ರೆ?"

ಅವನು ಗಂಭೀರವಾಗಿ ಯೋಚಿಸಿ, "ನಮ್ಮೂರಿನ ಹಕ್ಕಿಗಳಲ್ವಾ, ಅಭ್ಯಾಸ ಇರುತ್ತೆ" ಎಂದ. ತಮಾಷೆ ಮಾಡಿದನೋ ನಿಜ ಹೇಳಿದನೋ ಗೊತ್ತಾಗಲಿಲ್ಲ. ಮುಖ ನೋಡಿದರೆ ಮುಚ್ಚಿದ ಅಂಗಡಿ.

ಕುರಿಗೊಬ್ಬರವನ್ನು ನಾನು ಬುಡಕ್ಕೇ ಗುಡ್ಡೆ ಹಾಕಿದ್ದೆ. ಅದನ್ನೆಲ್ಲ ಎಳೆದು ಕೊಂಬೆಯ ತುದಿಯ ನೇರ ಕೆಳಗಿನ ನೆಲಕ್ಕೆ ಹರಡಿದ. "ಬೇರಿನ ಬಾಯಿರೋದು ಅಲ್ಲಿ, ನೀವು ಮಂಡಿಗೆ ಊಟ ಬಡಿಸಿದ್ದೀರಿ," ಅಂದ. ಮಧ್ಯಾಹ್ನ ಚೀಸ್ ಹಾಕಿದ ಗಿಬಾನಿತ್ಸ ಮಾಡಿದ್ದೆ. ಕೆಲಸಕ್ಕೆ ಬಂದವರಿಗೆ ಊಟ ಹಾಕುವುದು ಮನುಷ್ಯಧರ್ಮ. ಮೂರು ತುಂಡು ತಿಂದ.

ಮಾರ್ಚ್ ೩೦

ತುರಿಚೆ ಸೊಪ್ಪು ಎಳೆಯದು ಬಂದಿದೆ. ನೀರಿನಲ್ಲಿ ಕೊಳೆಹಾಕಿ, ಕೊಳೆತ ನೀರನ್ನು ತಿಳಿ ಮಾಡಿ ಮರಕ್ಕೆ ಹಾಕಬೇಕಂತೆ. ಸೊಪ್ಪು ಕೊಳೆಹಾಕಿ ಕೆಲವು ದಿನವಾಯಿತು. ಇವತ್ತು ಮುಚ್ಚಳ ತೆಗೆದೆವು.

ಅಯ್ಯೋ ದೇವರೇ! ಆ ನಾತಕ್ಕೆ ನಾಯಿ ಎದ್ದು ರಸ್ತೆ ದಾಟಿ ಹೋಯಿತು. ಅತ್ತೆ ಕಿಟಕಿಯಿಂದ ಕೂಗಿದರು: "ಯಾರ ಮನೇಲಿ ಹೆಣ ಇಟ್ಕೊಂಡಿದ್ದಾರೆ?"

"ಮರಕ್ಕೆ ಗಂಜಿ, ಅಜ್ಜಿ!"

"ಅದನ್ನ ಕುಡಿಯೋದಕ್ಕಿಂತ ಮರ ಕೊಡಲೀನೇ ಕೇಳುತ್ತೆ!"

ಬಕೆಟ್ ಎತ್ತುವಾಗ ನಮ್ಮಿಬ್ಬರ ಮೇಲೂ ಚೆಲ್ಲಿತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಮೂಗು ಹಿಡಿದುಕೊಂಡು ಇಬ್ಬರೂ ತೋಟದ ಎರಡು ತುದಿಗೆ ಓಡಿದೆವು. ಸಂಜೆ ಮೂರು ಸಲ ಸ್ನಾನ ಮಾಡಿದರೂ ವಾಸನೆ ಹೋಗಿಲ್ಲ. ತಲೆ ಹಗುರಾಗಿ ತೇಲುವಂತಿದೆ. ತುರಿಚೆ ನೀರಿನ ಆವಿ ನೆತ್ತಿಗೆ ಏರಿರಬೇಕು. ಒಲೆ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ, ಅತ್ತೆ ನೋಡಿ ಶಿಲುಬೆ ಗುರುತು ಮಾಡಿಕೊಂಡರು.

ಏಪ್ರಿಲ್ ೧೪

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು, ಕೈ ಓಡುತ್ತಿದೆ.

ಮುದಿಮರ ಹೂ ಬಿಟ್ಟಿದೆ. ಹೂವಿಗೇನು, ಪ್ರತಿವರ್ಷವೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಅದಕ್ಕೆ ಬೇರೆ ಜಾತಿಯ ಪ್ಲಮ್ ಹೂವಿನ ಪುಡಿ ಬೇಕು, ನಿಮ್ಮ ತೋಟದಲ್ಲಿರುವುದೆಲ್ಲ ಒಂದೇ ಜಾತಿ ಎಂದು ವೆಲಿಮಿರ್ ನಿನ್ನೆ ಹೇಳಿದ್ದ. ನನ್ನ ಹತ್ತಿರ ಇದೆ, ತರುತ್ತೇನೆ ಎಂದೂ ಹೇಳಿದ್ದ.

ತಂದ. ಹೇಗೆ ತಂದ ಎನ್ನುವುದೇ ಕಥೆ. ಅವನ ಆ ಜಾತಿಯ ಮರ ಇರುವುದು ಊರಿನ ಆಚೆ ತುದಿಯ ಹೊಲದಲ್ಲಿ. ಹೂ ತುಂಬಿದ ಕೊಂಬೆಗಳನ್ನು ತಬ್ಬಿಕೊಳ್ಳುವಷ್ಟು ಕತ್ತರಿಸಿ, ಎದೆಗವಚಿಕೊಂಡು, ಭಾನುವಾರ, ಚರ್ಚ್ ಬಿಡುವ ಹೊತ್ತಿಗೆ ಸರಿಯಾಗಿ, ಊರ ನಡುವಿನ ದಾರಿಯಲ್ಲಿ ನಡೆದುಕೊಂಡು ಬಂದ. ಹೂವಿನ ಮೇಲೆ ಟೋಪಿ ಮಾತ್ರ ಕಾಣುತ್ತಿತ್ತಂತೆ. ಅಂಗಡಿಯ ಯಗೊದ ಅವನಿಗಿಂತ ಮೊದಲೇ ಓಡಿ ಬಂದು ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ಅವಳ ಹಿಂದೆ ಅರ್ಧ ಊರು.

"ಸ್ತಾಮೆನ್ಕಾ, ತಲೆ ಬಾಚ್ಕೊಳ್ಳೇ!" ಎಂದು ಕೂಗಿದಳು. "ಪೀಪಾಯಿ ಹೂ ಬಿಟ್ಟಿದೆ!"

ಅವನು ಗೇಟಿಗೆ ಬಂದ. ನನ್ನ ಕೈಯಲ್ಲಿ ಕೋಳಿಗೆ ಹಾಕುವ ಜೋಳದ ಬಟ್ಟಲಿತ್ತು, ಅದನ್ನು ಎಲ್ಲಿಡಬೇಕೋ ತಿಳಿಯದೆ ತಲೆಯ ಮೇಲೆ ಎತ್ತಿ ಹಿಡಿದಿದ್ದೆ ಎಂದು ಯಗೊದ ಆಮೇಲೆ ಹೇಳಿದಳು. ವೆಲಿಮಿರ್ ನನ್ನ ಮುಂದೆ ನಿಂತು, ಹೂವಿನ ಮಧ್ಯದಿಂದ ಕಣ್ಣು ಹೊರಗೆ ಹಾಕಿ, ಊರಿಗೆಲ್ಲ ಕೇಳುವಂತೆ ಹೇಳಿದ:

"ಇದು ಮರಕ್ಕೆ."

ಜನ ನಕ್ಕ ನಗುವಿಗೆ ಕೋಳಿಗಳು ಚೆಲ್ಲಾಪಿಲ್ಲಿಯಾದವು. "ಮರಕ್ಕಂತೆ!" "ಮರ ನಾಚ್ಕೊಂಡು ಕೆಂಪಾಗಿದೆ ನೋಡು!" ನಾನು ಅವನಿಗೆ ಬಕೆಟ್ ಕೊಟ್ಟೆ, ಕೊಟ್ಟೆ ಅನ್ನುವುದಕ್ಕಿಂತ ಎಸೆದೆ. ಬಕೆಟ್ಟಿಗೆ ನೀರು ತುಂಬಿ, ಕೊಂಬೆಗಳನ್ನು ಅದರಲ್ಲಿ ನಿಲ್ಲಿಸಿ ಮರಕ್ಕೆ ನೇತುಹಾಕಿದ. ಮಧ್ಯಾಹ್ನದ ಬಿಸಿಲಿಗೆ ದುಂಬಿಗಳು ಬಂದವು. ಅವನು ಚಳಿಗಾಲದಲ್ಲಿ ಕಟ್ಟಿಟ್ಟಿದ್ದ ಜೊಂಡಿನ ಕೊಳವೆಗಳಲ್ಲಿ ಗೂಡು ಮಾಡಿರುವ ಕಂದು ದುಂಬಿಗಳವು. ಬಕೆಟ್ಟಿನ ಹೂವಿನಿಂದ ಮರದ ಹೂವಿಗೆ, ಮರದಿಂದ ಬಕೆಟ್ಟಿಗೆ, ಮದುವೆ ಮನೆಯ ಹೆಂಗಸರಂತೆ ಓಡಾಡಿದವು. ಕೆಳಗೆ ನಾನು ಈ ವರ್ಷ ಕೊಯ್ಯದೆ ಬಿಟ್ಟ ಹುಲ್ಲಿನಲ್ಲಿ ಹಳದಿ ಕಾಡುಹೂ ಚಾಪೆ ಹಾಸಿದೆ.

ಚೆನ್ನಾಗಿತ್ತು. ಮರಕ್ಕೇ ತಂದದ್ದು, ಅದರಲ್ಲಿ ನನ್ನದೇನಿದೆ. ಯಾಕೋ ಸಿಟ್ಟು ಮಾತ್ರ ಇಳಿಯಲಿಲ್ಲ. ಕಡೆಗೆ ಬಿದ್ದುಹೋಗಿದ್ದ ಒಂದು ಚಿಕ್ಕ ಕೊಂಬೆಯನ್ನು ತಂದು ಲೋಟದಲ್ಲಿಟ್ಟೆ. ಬಿದ್ದದ್ದು ಹಾಳಾಗಬಾರದಲ್ಲ.

ಮೇ ೧೫

ಕಾಯಿ ಕಚ್ಚಿದೆ! ಕಚ್ಚಿದೆ! ಜೋಳದ ಕಾಳಿನಷ್ಟು, ಹಸಿರು, ಎಣಿಸಿದರೆ ದೃಷ್ಟಿಯಾಗುತ್ತದೆಂದು ಎಣಿಸಿಲ್ಲ.

ಜೊತೆಗೇ ಹೇನು ಬಂದಿದೆ. ಎಳೆ ಚಿಗುರೆಲ್ಲ ಮುದುರಿ ಹಸಿರು ಹೇನಿನ ಸಂತೆ. ಅದರ ಮೇಲೆ ಇನ್ನೊಂದು ಹೊಸ ಪೀಡೆ: ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ಮೊಸಳೆಯ ಮರಿಯ ಮರಿಯಂತಹ ಹುಳು. ನಾಲ್ಕು ದಿನದಿಂದ ಬೆಳಿಗ್ಗೆ ಸಂಜೆ ಏಣಿ ಹತ್ತಿ ಅವನ್ನು ಹುಡುಕಿ ಹುಡುಕಿ ಹೊಸಕಿದ್ದೇನೆ. ಕಣ್ಣು ಉರಿ, ಕುತ್ತಿಗೆ ನೋವು. ಇವತ್ತು ವೆಲಿಮಿರ್ ಬಂದಾಗ ಹೆಮ್ಮೆಯಿಂದ ಅಂಗೈ ತೋರಿಸಿದೆ.

ಅವನು ನೋಡಿದ. ಮತ್ತೊಮ್ಮೆ ನೋಡಿದ. "ಸ್ತಾಮೆನ್ಕಾ, ಇವು ಗುಲಗಂಜಿ ಹುಳದ ಮರಿಗಳು."

"ಯಾವ ಗುಲಗಂಜಿ? ಕೆಂಪಗೆ, ಮುದ್ದಾಗಿರುತ್ತಲ್ಲ, ಅದಾ?"

"ಚಿಕ್ಕಂದಿನಲ್ಲಿ ಹೀಗಿರುತ್ತೆ. ಹೇನು ತಿನ್ನೋದರಲ್ಲಿ ಅಮ್ಮನಿಗಿಂತ ಜೋರು."

ನನಗೆ ಅಳು ಬಂತು. ಕಾವಲಿಗೆ ಬಂದವರನ್ನೇ ಕಳ್ಳರೆಂದು ಬಡಿದು ಹಾಕಿದ್ದೇನೆ. ಅವನು ತುಟಿ ಕಚ್ಚಿಕೊಂಡ, ಆಮೇಲೆ ಭುಜ ಕುಲುಕಿತು, ಆಮೇಲೆ ಮರಕ್ಕೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಗುವುದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಖಾಲಿ ಪೀಪಾಯಿಯೊಳಗೆ ಯಾರೋ ಡೋಲು ಬಡಿದ ಹಾಗೆ ನಗುತ್ತಾನೆ. ಅಳುತ್ತಿದ್ದವಳು ನಾನೂ ನಕ್ಕೆ.

ಅವನ ಹಿತ್ತಲಿನ ತುರಿಚೆ ಗಿಡಗಳ ಮೇಲಿದ್ದ ಮರಿಗಳನ್ನು ಎಲೆಯ ಸಮೇತ ತಂದು ನಮ್ಮ ಮರಕ್ಕೆ ಬಿಟ್ಟೆವು. ಮಣ್ಣಿನ ಕುಂಡಗಳಿಗೆ ಹುಲ್ಲು ತುರುಕಿ ಕೊಂಬೆಗೆ ತಲೆಕೆಳಗಾಗಿ ಕಟ್ಟಿದೆವು. ಬಾಲದಲ್ಲಿ ಚಿಮಟ ಇರುವ ಹುಳುಗಳು ಹಗಲು ಅದರಲ್ಲಿ ಮಲಗುತ್ತವೆ, ಕತ್ತಲಾದ ಮೇಲೆ ಎದ್ದು ಹೇನು ಮೇಯುತ್ತವೆ. ತೋಟ ಈಗ ತೋಟದಂತಿಲ್ಲ, ಕುಂಡ, ಗೂಡು, ಜೊಂಡು ಎಲ್ಲ ನೇತಾಡುವ ಸಂತೆಯಂಗಡಿಯಂತಿದೆ.

ನೀಲಿ ತಲೆವಸ್ತ್ರ ಹುಡುಕಿ ತೆಗೆದೆ. ಬಿಸಿಲು ಜಾಸ್ತಿಯಾಗಿದೆ.

ಜೂನ್ ೯

ಆ ಮನುಷ್ಯನಿಗೆ ತಲೆ ಕೆಟ್ಟಿದೆ. ಮೂರು ವರ್ಷದ ಮೇಲೆ ಮರ ಬಸಿರಾದರೆ, ಅರ್ಧ ಕಾಯಿ ಕಿತ್ತು ಹಾಕಬೇಕು ಎನ್ನುತ್ತಾನೆ!

"ಒತ್ತೊತ್ತಾಗಿವೆ. ಒಂದರಿಂದ ಇನ್ನೊಂದಕ್ಕೆ ಹುಳ ದಾಟುತ್ತೆ. ಕೊಂಬೆಯೂ ತಡೆಯಲ್ಲ," ಎಂದು ಹೇಳುತ್ತ ಹೇಳುತ್ತ ಒಂದು ಗೊಂಚಲಿನಿಂದ ನಾಲ್ಕು ಕಾಯಿ ಪಟಪಟ ಕಿತ್ತೇಬಿಟ್ಟ. ನನ್ನ ಕಣ್ಣೆದುರಿಗೆ!

"ಕೈ ತೆಗೀರಿ! ಪೀಪಾಯಿ ತುಂಬಬೇಕಾದ್ದು ಕಾಯಿಂದಲೋ ಗಾಳಿಯಿಂದಲೋ?"

"ಕಡಿಮೆ ಇದ್ರೆ ದಪ್ಪ ಆಗುತ್ತೆ, ಉಳಿಯುತ್ತೆ..."

"ತೋಟ ಹೋದ್ರೆ ನಿಮಗೇನು? ನಿಮ್ಮ ಮನೆ ಪೀಪಾಯಿ ನಿಮಗೆ ಇದ್ದೇ ಇದೆ. ನಿಮ್ಮ ಜಾಮೀನು ಸಾಕು. ಬಿಡುಗಡೆ ಮಾಡಿದ್ದೀನಿ, ಹೋಗಿ."

ಟೋಪಿ ಹಾಕಿಕೊಂಡು ಹೋದ. ಒಂದು ಮಾತೂ ಆಡಲಿಲ್ಲ. ಆಡಬಹುದಿತ್ತು.

ಜೂನ್ ೧೮

ಕಾಯಿ ಚೆನ್ನಾಗಿವೆ. ಹಕ್ಕಿಮರಿಗಳು ಹಾರಿವೆ. ಬೇಲಿಯಾಚೆ ಸುತ್ತಿಗೆ ಸದ್ದು.

ಜೂನ್ ೨೫

ಸುತ್ತಿಗೆ ಸದ್ದೂ ಇಲ್ಲ. ಗಿಬಾನಿತ್ಸ ಮಾಡಿದೆ, ಅತ್ತೆ ಒಂದು ತುಂಡು ತಿಂದು, "ಇಷ್ಟೊಂದು ಯಾರಿಗೆ?" ಎಂದರು. ನಾಯಿಗೆ ಹಾಕಿದೆ.

ಜುಲೈ ೨

ಮಧ್ಯಾಹ್ನ ಗಾಳಿಯೆದ್ದಿತು. ಮರದ ಕಡೆಯಿಂದ ಬಂದೂಕು ಹಾರಿಸಿದಂತೆ ಸದ್ದು. ಓಡಿಹೋಗಿ ನೋಡಿದರೆ ದೊಡ್ಡ ಕೊಂಬೆ ಕಾಯಿಯ ಭಾರಕ್ಕೆ ಕವಲಿನಲ್ಲಿ ಸೀಳಿ ಜೋತಾಡುತ್ತಿದೆ. ಮರದ ಅರ್ಧ ಬೆಳೆ ಅದರಲ್ಲಿದೆ.

ಹೇಗೆ ಬೇಲಿ ದಾಟಿದೆನೋ ಗೊತ್ತಿಲ್ಲ. ಮೊಣಕೈ ತರಚಿದೆ, ನೀಲಿ ವಸ್ತ್ರ ಮುಳ್ಳಿಗೆ ಸಿಕ್ಕಿ ಹರಿದಿದೆ. ಅವನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದೆ: "ವೆಲಿಮಿರ್! ಬಾ! ನೀನು ಹೇಳಿದ್ದೇ ಸರಿ, ನನ್ನ ತಲೇಲಿ ಹುಲ್ಲಿದೆ, ಬಾ ಬೇಗ!"

ಅವನು ಯಾಕೆ ಏನು ಎಂದು ಕೇಳಲಿಲ್ಲ. ಗೋಡೆಯಿಂದ ಪೀಪಾಯಿಯ ಕಬ್ಬಿಣದ ಪಟ್ಟಿಗಳನ್ನೂ ಸುತ್ತಿಗೆಯನ್ನೂ ಎತ್ತಿಕೊಂಡು ನನ್ನ ಹಿಂದೆ ಓಡಿದ. ಕೊಂಬೆಯನ್ನು ನಾನು ಹೆಗಲ ಮೇಲೆ ಹೊತ್ತು ಎತ್ತಿ ಹಿಡಿದೆ, ಅವನು ಸೀಳನ್ನು ಕೂಡಿಸಿ, ತೊಗಟೆ ಉಜ್ಜದಂತೆ ಗೋಣಿತಾಟು ಸುತ್ತಿ, ಪೀಪಾಯಿಗೆ ಹಾಕುವಂತೆಯೇ ಪಟ್ಟಿ ಬಿಗಿದ. ಕೆಳಗೆ ಕವೆಗೋಲು ಕೊಟ್ಟ. ಕೊಂಬೆ ನಿಂತಿತು.

"ಹೆಗಲು ನೋವಾಯ್ತಾ ನಿನಗೆ?" ಎಂದ.

"ಇಲ್ಲ," ಅಂದೆ. ಈಗ ಎಡಗೈ ಎತ್ತಲಾಗುತ್ತಿಲ್ಲ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಏನು ತೊಂದರೆ. ಸುಖವಾಗಿದ್ದೇನೆ. ಕೊಂಬೆ ಉಳಿಯಿತಲ್ಲ, ಅದಕ್ಕೆ.

ಜುಲೈ ೪

ತಡವಾದರೂ ಸರಿ ಎಂದು ಇಬ್ಬರೂ ಕಾಯಿ ಬಿಡಿಸಿದೆವು. ಒಂದೊಂದು ಕಿತ್ತಾಗಲೂ ನಾನು ಕಣ್ಣು ಮುಚ್ಚಿಕೊಂಡೆ. "ಸತ್ತವರಿಗೆ ಹಾಡ್ತೀಯಾ?" ಎಂದು ಕೇಳಿದ. ಹಾಡಿದೆ. ಏಣಿಯ ಮೇಲೆ ನಿಂತು, ಚರ್ಚಿನ ಶ್ರಾದ್ಧದ ರಾಗದಲ್ಲಿ, ಎಳೆ ಪ್ಲಮ್‌ಗಳ ಆತ್ಮಶಾಂತಿಗೆ. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿಗಳು ನಿಂತು ಕೇಳಿ, ಟೋಪಿ ಎತ್ತಿ ಹೋದರು.

ಆಗಸ್ಟ್ ೩

ಅವನು ಬಾತುಕೋಳಿಗಳನ್ನು ತಂದು ಬಿಟ್ಟಿದ್ದಾನೆ. ಹುಳ ಹೊಕ್ಕು ಉದುರಿದ ಕಾಯಿ ನೆಲ ಮುಟ್ಟುವುದೇ ತಡ, ಗುಳುಂ. ಒಳಗಿನ ಹುಳ ಮಣ್ಣಿಗಿಳಿದು ಮುಂದಿನ ವರ್ಷಕ್ಕೆ ಸಂಸಾರ ಹೂಡುವ ಮೊದಲೇ ಬಾತಿನ ಹೊಟ್ಟೆ ಸೇರುತ್ತದೆ. ಗೊಬ್ಬರವನ್ನೂ ಅಲ್ಲೇ ಹಾಕಿ ಹೋಗುತ್ತವೆ. ದೊಡ್ಡ ಬಾತು ಅತ್ತೆಯಂತೆಯೇ ನಡೆಯುತ್ತದೆ, ಕೈ ಹಿಂದೆ ಕಟ್ಟಿಕೊಂಡವರ ಹಾಗೆ. ಇದನ್ನು ವೆಲಿಮಿರ್‌ಗೆ ಹೇಳಿದೆ. ಹಿಂದೆ ಅತ್ತೆ ನಿಂತಿದ್ದರು.

"ಬಾತಿಗೆ ಸೊಸೆ ಇಲ್ಲ, ಪುಣ್ಯವಂತ ಪ್ರಾಣಿ," ಎಂದರು ಅತ್ತೆ.

ಸೆಪ್ಟೆಂಬರ್ ೯

ಇವತ್ತು ತೀರ್ಪು.

ತಿಹೊಮಿರ್ ಬೆಳಿಗ್ಗೆಯೇ ಬಂದ, ಗಾಡಿಯಲ್ಲಿ ಗರಗಸ ಇಟ್ಟುಕೊಂಡು. ಯಗೊದ ಬಂದಳು, ಅವಳು ಬಂದರೆ ಊರೇ ಬಂದಂತೆ. ವೆಲಿಮಿರ್ ಪೀಪಾಯಿ ಉರುಳಿಸಿಕೊಂಡು ಬಂದ. ಅದರೊಳಗೆ ಪಾದ್ರಿಗಳು ಹೆಂಡತಿ ಸಮೇತ ಕೂರಬಹುದಿತ್ತು.

"ಇಷ್ಟು ದೊಡ್ಡದು ಮಾಡು ಅಂತ ಯಾರಪ್ಪಾ ಹೇಳಿದ್ದು ನಿನಗೆ?" ಹಲ್ಲು ಕಚ್ಚಿ ಕೇಳಿದೆ.

"ಏಪ್ರಿಲ್‌ನಲ್ಲಿ ಮಾಡಿದ್ದು," ಎಂದ. "ಹೂ ಬಿಟ್ಟಾಗ. ಖುಷಿಯಾಗಿತ್ತು."

ಇಂಥವನಿಗೆ ಏನೆಂದು ಬೈಯುವುದು!

ಚಾದರ ಹಾಸಿ ಕೊಂಬೆ ಅಲುಗಿಸಿದೆವು. ನೇರಳೆ ಬಣ್ಣದ ಮಳೆ. ಹಣ್ಣಿನ ಮೈಮೇಲೆ ಬೂದಿ ಸವರಿದಂತೆ ಬೆಳ್ಳಗಿನ ಪುಡಿ, ಒರೆಸಿದರೆ ಕನ್ನಡಿ. ಬುಟ್ಟಿ ಬುಟ್ಟಿ ಸುರಿದೆವು. ಪಟ್ಟಿ ಬಿಗಿದ ಕೊಂಬೆಯದನ್ನು ಕೊನೆಗೆ ಇಳಿಸಿದೆವು, ಅದೊಂದರಲ್ಲೇ ಆರು ಬುಟ್ಟಿ. ಎಲ್ಲ ಸುರಿದು ನೋಡಿದರೆ, ಪೀಪಾಯಿಯ ಬಾಯಿಗೆ ಒಂದು ಗೇಣು ಕಡಿಮೆ.

ಮರ ಬೋಳಾಗಿತ್ತು. ನಾನು ನೆಲದ ಮೇಲೆ ಹುಡುಕಿದೆ, ಬಾತುಗಳು ಆಗಲೇ ಗುಡಿಸಿದ್ದವು. ವೆಲಿಮಿರ್ ಮುಖ ಸುಣ್ಣದಂತಾಗಿತ್ತು.

"ಅತ್ತೇ, ಮಾತು ಅಂದ್ರೆ ಮಾತು," ಎಂದ ತಿಹೊಮಿರ್. "ಪೀಪಾಯಿ ತುಂಬಿಲ್ಲ. ಗರಗಸ ಇಳಿಸ್ಲಾ?"

ಪೆರ್ಸಿದ ಅತ್ತೆ ಕೈ ಹಿಂದೆ ಕಟ್ಟಿಕೊಂಡು ಪೀಪಾಯಿಯ ಸುತ್ತ ಒಂದು ಸುತ್ತು ಬಂದರು. ತಿಹೊಮಿರ್ ಎದುರಿಗೆ ನಿಂತರು.

"ಬಾಯಿ ತೆಗಿ."

"ಏನು?"

"ಬಾಯಿ ತೆಗಿಯೋ. ನಾಲಿಗೆ ಹೊರಗೆ ಹಾಕು."

ಹಾಕಿದ. ನಾಲಿಗೆ, ಹಲ್ಲು, ಮೀಸೆಯ ತುದಿ, ಎಲ್ಲ ನೇರಳೆ. ಅತ್ತೆ ಅವನ ಅಂಗಿಯ ಜೇಬು ಅದುಮಿದರು, ರಸ ಸೋರಿತು. ಅವನ ಕಾಲ ಬಳಿ ಬೀಜಗಳ ಗುಡ್ಡೆ.

"ಬೆಳಿಗ್ಗೆಯಿಂದ ತಿಂತಾನೇ ಇದ್ದೀಯ. ನಾನು ಕುರುಡಿ ಅಂದ್ಕೊಂಡ್ಯಾ? ಕಿವಿ ಮಾತ್ರ ಹೋಗಿರೋದು ನನಗೆ. ಅದಿರಲಿ, ನಿನ್ನ ತೋಟದ ಹಣ್ಣನ್ನ ಹೀಗೆ ಮರದಿಂದ ಸೀದಾ ಬಾಯಿಗೆ ಹಾಕ್ಕೋತೀಯೇನೋ?"

ತಿಹೊಮಿರ್ ನೆಲ ನೋಡಿದ. "ಇಲ್ಲ."

"ಯಾಕೆ?"

"ಔಷಧಿ ಹೊಡೆದಿರುತ್ತಲ್ಲ ಅತ್ತೆ."

"ನಿನ್ನ ಮಕ್ಕಳಿಗೆ ಕೊಡ್ತೀಯಾ, ಹಾಗೇ?"

"ತೊಳೆದು, ಸಿಪ್ಪೆ ತೆಗೆದು..."

"ಸರಿ ಹಾಗಾದ್ರೆ," ಎಂದರು ಅತ್ತೆ, ಊರಿನ ಕಡೆ ತಿರುಗಿ. "ಒಂದು ಗೇಣು ಇವನ ಹೊಟ್ಟೇಲಿದೆ. ಎಲ್ಲರೂ ನೋಡಿದ್ರಲ್ಲ. ಪೀಪಾಯಿ ತುಂಬಿದೆ. ತೋಟ ಸ್ತಾಮೆನ್ಕಂದು."

ಯಗೊದ ಕಿರುಚಿದಳು. ನಾನು 'ಹೋ' ಎಂದು ಕೂಗಿ, ಎದುರಿಗೆ ಸಿಕ್ಕಿದವರನ್ನು ತಬ್ಬಿಕೊಂಡೆ. ಎದುರಿಗೆ ಸಿಕ್ಕಿದ್ದು ವೆಲಿಮಿರ್. ತಕ್ಷಣ ಬಿಟ್ಟು, ಸಮಸಮವಾಗಲೆಂದು ತಿಹೊಮಿರ್‌ನನ್ನೂ ಯಗೊದಳನ್ನೂ ಒಂದು ಬಾತನ್ನೂ ತಬ್ಬಿಕೊಂಡೆ. ತಿಹೊಮಿರ್ ಒಳ್ಳೆಯವನೇ. ಹೋಗುವಾಗ ಬೇಲಿ ಹತ್ತಿರ ನಿಂತು, ಆ ಮಣ್ಣಿನ ಕುಂಡಕ್ಕೆ ಎಂಥಾ ಹುಲ್ಲು ತುರುಕಬೇಕು ಎಂದು ಮೆಲ್ಲಗೆ ಕೇಳಿದ.

ಅಕ್ಟೋಬರ್ ೨೦

ಪೀಪಾಯಿಯ ಹಣ್ಣಿನಿಂದ ರಾಕಿಯಾ ಬಟ್ಟಿ ಇಳಿಸಿ ಆಯಿತು. ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ತೋಟಕ್ಕೆ ಬೇರೆ ಜಾತಿಯ ಪ್ಲಮ್, ಪೇರ್ ಗಿಡ, ದುಂಬಿಗಳಿಗೆಂದು ಒಂದು ಸಾಲು ಕ್ಲೋವರ್ ಹೂ ಹಾಕಿದ್ದೇನೆ. ಎಲ್ಲ ನನ್ನ ಇಷ್ಟದಂತೆ.

ಮರ ಮಾತು ಉಳಿಸಿಕೊಂಡಿತು. ಜಾಮೀನು ಮುಗಿಯಿತು. ಇನ್ನು ಅವನು ಬರುವುದಕ್ಕೆ ಕಾರಣವೇ ಇಲ್ಲವಲ್ಲ ಎಂದು ಇವತ್ತು ಪಾತ್ರೆ ತೊಳೆಯುವಾಗ ಹೊಳೆಯಿತು. ಅದಾದಮೇಲೆ ಅದೇ ಪಾತ್ರೆಯನ್ನು ಬಹಳ ಹೊತ್ತು ತೊಳೆದೆ.

ನವೆಂಬರ್ ೨೨

ಬೇಲಿ ಹತ್ತಿರ ಸಿಕ್ಕ. "ಚಳಿ," ಎಂದ. "ಹೂಂ, ಚಳಿ," ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಚಳಿಯನ್ನೇ ನೋಡುತ್ತ ನಿಂತೆವು. ಏನೋ ಹೇಳಲು ಬಾಯಿ ತೆಗೆದ, ಮುಚ್ಚಿದ, ಟೋಪಿ ಹಾಕಿಕೊಂಡು ಹೋದ.

ಗೆದ್ದವಳಿಗೆ ಹೊಟ್ಟೆಯೊಳಗೆ ಇಷ್ಟು ಖಾಲಿ ಯಾಕೆ? ಅಜೀರ್ಣವಿರಬೇಕು. ಪುದೀನ ಕಷಾಯ ಕುಡಿದು ಮಲಗುತ್ತೇನೆ.

ಜನವರಿ ೬, ಮತ್ತೆ ಮುನ್ನಾದಿನ

ಅಕ್ಷರ ಕುಣಿಯುತ್ತಿವೆ, ಕುಣಿಯಲಿ.

ಮನೆಯಲ್ಲಿ ಗಂಡಸಿಲ್ಲ, ಓಕ್ ಕೊಂಬೆ ತಂದುಕೊಡು ಎಂದು ಅತ್ತೆಯೇ ವೆಲಿಮಿರ್‌ಗೆ ಹೇಳಿಕಳಿಸಿದ್ದರಂತೆ. ಬೆಳಿಗ್ಗೆ ಕೊಂಬೆ ಹೊತ್ತು ಬಂದ. ಗಡ್ಡ ಬೋಳಿಸಿಕೊಂಡಿದ್ದ, ಗಲ್ಲದ ಮೇಲೆ ಎರಡು ಗಾಯ. ಅತ್ತೆ ಕೊಡಲಿ ಹಿಡಿದು, "ನಡೀರಿ ಇಬ್ರೂ" ಎಂದು ಹಿಮದಲ್ಲಿ ಮುಂದೆ ಹೊರಟರು. ಸೀದಾ ಮುದಿಮರಕ್ಕೆ.

ನಾನು ಗಂಟಲು ಸರಿಮಾಡಿಕೊಂಡೆ. ಈ ಸಲ ಕಿರುಗುಟ್ಟಬಾರದು. ಅತ್ತೆ ಕೊಡಲಿ ಎತ್ತಿದರು, ಮರವನ್ನು ನೋಡಿದರು, ಅದರ ನಡುವಿನ ಕಬ್ಬಿಣದ ಪಟ್ಟಿ ನೋಡಿದರು.

"ಇದು ಕೊಟ್ಟಿದೆ. ಪಾಪ, ಇದಕ್ಯಾಕೆ ಬೆದರಿಕೆ?"

ಎತ್ತಿದ ಕೊಡಲಿ ಹಾಗೇ ಇಟ್ಟುಕೊಂಡು ವೆಲಿಮಿರ್ ಕಡೆ ತಿರುಗಿದರು.

"ಏ ಒಣ ಮರವೇ! ಬಾಯಿ ಬಿಡ್ತೀಯೋ, ಕಡೀಲೋ?"

ಅವನ ಕೈಯಿಂದ ಟೋಪಿ ಬಿತ್ತು. "ಅಜ್ಜೀ..."

"ಮರ ಮಾತಾಡಬಾರದು, ಅದಕ್ಕೆ ಬೇರೆಯವರು ಮಾತಾಡಬೇಕು. ಎರಡನೇ ಸಲ ಕೇಳ್ತಿದ್ದೀನಿ. ವರ್ಷವಿಡೀ ನೋಡಿದ್ದೀನಿ, ಎಲೆ ಇದೆ, ಹೂ ಇದೆ, ಕಾಯಿ ಮಾತ್ರ ಇಲ್ಲ. ಬಿಡ್ತೀಯೋ, ಕಡೀಲೋ?"

ಅವನು ನನ್ನನ್ನು ನೋಡಿದ. ಮರದ ಹಕ್ಕಿಗೂಡಿನ ಮೇಲಿಂದ ಒಂದು ಹಿಡಿ ಹಿಮ ಉದುರಿತು. ಅತ್ತೆಯ ತೋಳು ನಡುಗುತ್ತಿತ್ತು. ಎಂಬತ್ತು ದಾಟಿದ ತೋಳು, ಭಾರದ ಕೊಡಲಿ, ನಿಜವಾಗಿಯೂ ಬಿದ್ದರೆ ಗತಿಯೇನು!

"ಮೂರನೇ ಸಲ..."

"ಕಡೀಬೇಡಿ ಅತ್ತೆ!" ಇಡೀ ಕಣಿವೆಗೆ ಕೇಳುವಷ್ಟು ಜೋರಾಗಿ ಕೂಗಿದ್ದು ನಾನೇ. "ಕಡೀಬೇಡಿ! ಬಿಡ್ತಾನೆ!"

ಕೊಡಲಿ ಮೆಲ್ಲಗೆ ಕೆಳಗಿಳಿಯಿತು. ಅತ್ತೆ ಅದರ ಹಿಡಿಯ ಮೇಲೆ ಗಲ್ಲ ಊರಿಕೊಂಡು, ನನ್ನನ್ನು ನೋಡಿ ನಕ್ಕರು. ಮಗ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಈಗ ಕಿವಿಗೆ ಬಿತ್ತು ನೋಡು. ಹೋದ ವರ್ಷ ನೀನು ಕಿರುಗುಟ್ಟಿದ್ದೂ ಬಿದ್ದಿತ್ತು. ಬೇಲಿ ಮೇಲೆ ಇವನ ಟೋಪಿಯೂ ಕಾಣ್ತಿತ್ತು. ಇಲ್ದಿದ್ರೆ ಅಷ್ಟು ಹಿಮದಲ್ಲಿ ಈ ಮೂಲೆ ಮರಕ್ಕೆ ನಾನ್ಯಾಕೆ ಬರ್ಲಿ?"

"ಅತ್ತೆ, ನಿಮ್ಮನ್ನ ಒಬ್ಬರನ್ನೇ ಬಿಟ್ಟು ನಾನು..."

"ಎಲ್ಲಿಗೆ ಬಿಡ್ತೀಯ, ಬೇಲಿ ಆಚೆಗಾ? ನನ್ನ ಮಗ ಇದ್ದಿದ್ರೆ ಅವನ ಮುಂದೆ ನಿನ್ನನ್ನ ಸೊಸೆ ಅಂತಿದ್ದೆ. ಈಗ ಮಗಳು ಅಂದ್ರೆ ಯಾರು ಬೇಡ ಅಂತಾರೆ? ಆ ಬೇಲಿ ಕಿತ್ತು ಬಿಸಾಕಿ ಇಬ್ರೂ, ಎಲ್ಲ ಒಂದೇ ಅಂಗಳ ಆಗುತ್ತೆ."

ಆಗ ವೆಲಿಮಿರ್ ಬಾಯಿ ಬಿಟ್ಟ.

"ಬೇಲಿ ಕೀಳೋದು ಬೇಡ ಅಜ್ಜಿ. ಬುಡದಲ್ಲಿ ಹುಳ ತಿನ್ನೋ ಪುಟ್ಟ ಮುಳ್ಳುಹಂದಿ ಮಲಗಿದೆ. ವಸಂತದಲ್ಲಿ ನಮಗೆ ಬೇಕು."

ಅತ್ತೆ ಆಕಾಶ ನೋಡಿ ಶಿಲುಬೆ ಗುರುತು ಮಾಡಿಕೊಂಡರು. "ದೇವರೇ, ಬಾಯಿ ಬಿಟ್ಟಿದ್ದು ಮುಳ್ಳುಹಂದಿಗಾ!"

ನನಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ, ಎರಡೂ ಒಟ್ಟಿಗೆ ಬಂದವು. ಅವನು ಟೋಪಿ ಹೆಕ್ಕಿಕೊಂಡು, ಹಿಮ ಕೊಡವಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನನ್ನ ಹತ್ತಿರ ಬಂದ.

"ಏಪ್ರಿಲ್‌ನಲ್ಲಿ ಹೂ ತರ್ತೀನಿ, ಸ್ತಾಮೆನ್ಕಾ," ಎಂದ. "ಚರ್ಚ್ ಬಿಡೋ ಹೊತ್ತಿಗೆ. ಮರಕ್ಕಲ್ಲ."

ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ, ಹಬ್ಬದ ರೊಟ್ಟಿ ತಳ ಹತ್ತುತ್ತಿದೆಯಂತೆ. ಹತ್ತಲಿ. ಒಂದು ತುಂಡು ಕಟ್ಟಿಕೊಂಡು ನಾನು ಬೇಲಿಯಾಚೆ ಹೋಗಿಬರಬೇಕು. ಜಾಮೀನು ನಿಂತವರು ದಿನಾ ಹೋಗಿ ನೋಡಿಕೊಂಡು ಬರಬೇಕು. ನಮ್ಮೂರ ಪದ್ಧತಿ, ನಾನೇನು ಮಾಡಲಿ?